ಪಿನ್ನಕ್ಕನ ಕಣ್ಣಳತೆ

ಪಿನ್ನಕ್ಕನಿಗೆ ಆ ಹೆಸರು ಬಂದದ್ದು ಅವಳ ಬಾಯಿಂದಲೇ. ಟ್ರಯಲ್‌ಗೆ ಬಂದವರ ಬಟ್ಟೆ ಸರಿಮಾಡುವಾಗ ಗುಂಡುಪಿನ್ನುಗಳನ್ನು ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಂಡು, ಆ ಪಿನ್ನುಗಳ ಸಂದಿಯಿಂದಲೇ ಊರಿನ ಸಮಾಚಾರವನ್ನೆಲ್ಲ ಹೇಳಿಬಿಡುತ್ತಿದ್ದಳು. ಹೊಸಬರಿಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಹಳೇ ಗಿರಾಕಿಗಳಿಗೆ ಮಾತ್ರ ಯಾರ ಮನೆಯ ಸೊಸೆ ಮುನಿಸಿಕೊಂಡಿದ್ದಾಳೆ ಅನ್ನುವುದರಿಂದ ಹಿಡಿದು ಎಲ್ಲವೂ ತಿಳಿಯುತ್ತಿತ್ತು. "ಒಂದಿನ ನುಂಗಿಬಿಡ್ತೀಯ ನೋಡು" ಅಂತ ಗಂಡ ಹೆದರಿಸಿದರೆ, "ನುಂಗಿದ್ರೆ ಒಂದು ಅಯಸ್ಕಾಂತ ತಂದುಬಿಡಿ, ನಿಮಗೂ ಒಂದು ಕೆಲಸ ಆಗುತ್ತೆ" ಅನ್ನುತ್ತಿದ್ದಳು. ಅವನು ಶಾಲೆಯ ವ್ಯಾನ್ ಓಡಿಸುವವನು, ಮಕ್ಕಳ ಗಲಾಟೆಗೆ ಪಳಗಿದ ಜೀವ. ಹೆಂಡತಿಯ ಬಾಯಿಗೆ ಎದುರು ಹೇಳುವ ತಪ್ಪನ್ನು ಅವನು ದಿನಕ್ಕೊಂದು ಸಲಕ್ಕಿಂತ ಹೆಚ್ಚು ಮಾಡುತ್ತಿರಲಿಲ್ಲ.

ಆದರೆ ಜನ ಅವಳ ಅಂಗಡಿಗೆ ಬರುತ್ತಿದ್ದದ್ದು ಹರಟೆಗಲ್ಲ, ಅವಳ ಕಣ್ಣಿಗೆ. ಉದ್ದನೆಯ ಗೌನಾಗಲಿ ಸ್ಕರ್ಟಾಗಲಿ ಹೊಲಿಯುವವರಿಗೆ ದೊಡ್ಡ ತಲೆನೋವು ಅಂದರೆ ಕೆಳಗಿನ ಅಂಚು. ಅದು ಸುತ್ತಲೂ ನೆಲಕ್ಕೆ ಸಮನಾಗಿ ನಿಲ್ಲಬೇಕು. ಉಳಿದ ದರ್ಜಿಗಳು ನೆಲದಿಂದ ಕೋಲು ಹಿಡಿದು ಗೇಣುಗೇಣಿಗೂ ಗುರುತು ಹಾಕುತ್ತಾರೆ. ಪಿನ್ನಕ್ಕ ಮಾತ್ರ ಗಿರಾಕಿಯನ್ನು ಕನ್ನಡಿಯ ಹತ್ತಿರ ನಿಲ್ಲಿಸಿ, ತಾನು ಎದುರುಗೋಡೆಗೆ ಬೆನ್ನು ಕೊಟ್ಟು ಮೋಟು ಸ್ಟೂಲಿನ ಮೇಲೆ ಕೂತು, ಕಣ್ಣು ಅರೆ ಮುಚ್ಚಿ ನೋಡುತ್ತಿದ್ದಳು. "ಮೇಲೆ. ಇನ್ನೊಂದು ಕೂದಲೆಳೆ. ಆ ಪಕ್ಕ ಬಿಡು. ಹಾಂ, ಸಾಕು." ಮುಂಭಾಗದ ಅಂಚು ಸರಿಯಾಗಿ ನಿಂತರೆ, ಪಕ್ಕದ ಹೊಲಿಗೆಯ ಗುರುತು ಹಿಡಿದು ಹಿಂಭಾಗದ ಅಂಚೂ ತಾನಾಗಿ ಬರುತ್ತಿತ್ತು. ಅಳತೆಯ ಕೋಲು ಮೂಲೆಯಲ್ಲಿ ನಿಂತು ನಿಂತು, ಕೊನೆಗೆ ಜೇಡರ ಬಲೆ ತೆಗೆಯುವ ಕೆಲಸಕ್ಕೆ ಸೇರಿಕೊಂಡಿತ್ತು.

ಹೀಗೆ ಅವಳು ಕೂತಲ್ಲಿಂದ ಹುಕುಂ ಕೊಡುವಾಗ ನೆಲದ ಮೇಲೆ ಮಂಡಿಯೂರಿ ಪಿನ್ನು ಚುಚ್ಚುತ್ತಿದ್ದವಳು ಅವಳ ಓರಗಿತ್ತಿ, ಮೈದುನನ ಹೆಂಡತಿ. ಮದುವೆಯಾಗಿ ಬಂದಾಗ ಸೂಜಿಗೆ ದಾರ ಪೋಣಿಸಲೂ ಬಾರದ ಹುಡುಗಿ. ಈಗ ಅವಳ ಕೈಹೊಲಿಗೆ ನೋಡಿದರೆ ಇರುವೆ ಸಾಲು ಹೋದ ಹಾಗೆ, ಅಷ್ಟು ಸಣ್ಣ, ಅಷ್ಟು ಒತ್ತು. ಓರಗಿತ್ತಿಯರು ಅಂದರೆ ಹಾವು ಮುಂಗುಸಿ ಅನ್ನುತ್ತಾರೆ. ಇವರೂ ಕಡಿಮೆಯೇನಲ್ಲ. ಫ್ಯಾನು ಯಾರ ಕಡೆ ತಿರುಗಬೇಕು ಅನ್ನುವುದಕ್ಕೆ ಬೆಳಗಿಂದ ಸಂಜೆವರೆಗೆ ಕಚ್ಚಾಡುತ್ತಿದ್ದರು. ಮೇಲಿನ ಮಹಡಿಯಲ್ಲಿ ಮನೆ, ಕೆಳಗೆ ಅಂಗಡಿ, ಎರಡು ಸಂಸಾರಕ್ಕೂ ಒಂದೇ ಅಡಿಗೆಮನೆ. ಆದರೂ ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳಿಗೆ ಊಟ ಸೇರುತ್ತಿರಲಿಲ್ಲ. ಇದನ್ನು ಏನಂತ ಕರೆಯುತ್ತಾರೋ ನಿಮಗೇ ಬಿಟ್ಟೆ.

ಇಂಥ ಪಿನ್ನಕ್ಕನಿಗೆ ಎಡಗಿವಿಗೆ ಹಿಡಿದ ಫೋನಿನಲ್ಲಿ ಮಾತು ಕೇಳಿಸುವುದು ಕಡಿಮೆಯಾಯಿತು. ಫೋನು ಕೆಟ್ಟಿದೆ ಅಂತ ಬೇರೆ ಫೋನು ತಂದಳು. ಅದೂ ಕೆಟ್ಟದ್ದೇ ಅಂದಳು. ಕಿವಿಯೊಳಗೆ ಯಾರೋ ಬಟ್ಟೆ ಇಡದೆ ಖಾಲಿ ಹೊಲಿಗೆ ಮಷೀನು ಓಡಿಸಿದಂತೆ ಶಬ್ದ ಶುರುವಾಯಿತು. ನಡೆಯುವಾಗ ಕಾಲು ಎಡಕ್ಕೆ ಎಳೆಯತೊಡಗಿದ ಮೇಲೆ ಗಂಡ ಅವಳನ್ನು ಬಲವಂತವಾಗಿ ವ್ಯಾನಿಗೆ ಹತ್ತಿಸಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಸ್ಕ್ಯಾನಿನಲ್ಲಿ ಕಂಡಿತು: ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಗಡ್ಡೆ. "ಕ್ಯಾನ್ಸರ್ ಅಲ್ಲಮ್ಮ, ಹೆದರಬೇಡಿ. ಆದರೆ ಬೆಳೀತಾ ಇದೆ, ತೆಗೀಲೇಬೇಕು" ಅಂದರು ಡಾಕ್ಟರು. ಎಷ್ಟು ದೊಡ್ಡದು ಅಂತ ಕೇಳಿ, ಅವರು ಹೇಳಿದ್ದನ್ನು ಕೊರಳಲ್ಲಿದ್ದ ಟೇಪಿನ ಮೇಲೆ ಬೆರಳಿಟ್ಟು ನೋಡಿಕೊಂಡಳು. "ಅಯ್ಯೋ, ಕೋಟಿನ ಗುಂಡಿಯಷ್ಟಿದೆಯಲ್ರೀ!" ಅಂದಳು. ಅಷ್ಟು ಹೇಳಿ ಹೊರಗೆ ಬಂದವಳು ವ್ಯಾನಿನ ಹಿಂದಿನ ಸೀಟಿನಲ್ಲಿ, ಮಕ್ಕಳು ಕೂರುವ ಜಾಗದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಚೆನ್ನಾಗಿ ಆಯಿತು ಅನ್ನುವುದು ಡಾಕ್ಟರ ಮಾತು. ಗಡ್ಡೆ ಪೂರ್ತಿ ಬಂತು, ಜೀವ ಉಳಿಯಿತು, ಅವರ ಲೆಕ್ಕಕ್ಕೆ ಅದೇ ದೊಡ್ಡದು, ಸುಳ್ಳೇನಲ್ಲ. ಆದರೆ ಮನೆಗೆ ಬಂದವಳ ಎಡಗಿವಿ ಪೂರಾ ಹೋಗಿತ್ತು. ಮುಖದ ನರ ಸೋತು ಎಡಗೆನ್ನೆ ಇಳಿಬಿದ್ದಿತ್ತು. ಎಡಗಣ್ಣು ಮುಚ್ಚುತ್ತಿರಲಿಲ್ಲ, ಗಂಟೆಗೊಮ್ಮೆ ಹನಿ ಹಾಕಬೇಕು, ಮಲಗುವಾಗ ಪಟ್ಟಿ ಅಂಟಿಸಬೇಕು. ಕುಡಿದ ನೀರು ಬಾಯಿಯ ಮೂಲೆಯಿಂದ ಸೋರಿ ಎದೆಗೆ ಇಳಿಯುತ್ತಿತ್ತು. ಒಂದು ದಿನ ಅಭ್ಯಾಸಬಲದಿಂದ ಪಿನ್ನು ಬಾಯಿಗಿಟ್ಟುಕೊಂಡಳು. ಒಂದೊಂದಾಗಿ ಉದುರಿ ನೆಲಕ್ಕೆ ಬಿದ್ದವು. ಓರಗಿತ್ತಿ ಎಲ್ಲವನ್ನೂ ಹೆಕ್ಕಿ, ಒಂದು ಪಿನ್‌ದಿಂಬು ಹೊಲಿದು ಅಕ್ಕನ ಮಣಿಕಟ್ಟಿಗೆ ಕಟ್ಟಿದಳು.

ಗಂಡನ ಪಾಡು ಬೇರೆ. ಹೆಂಡತಿ ಎಡಕ್ಕೆ ವಾಲುತ್ತಾಳೆ, ಹಾಗಾಗಿ ರಸ್ತೆಯಲ್ಲಿ ಎಡಗಡೆ ನಡೆದು ಹಿಡಿದುಕೊಳ್ಳಬೇಕು. ಆದರೆ ಎಡಗಡೆ ನಿಂತು ಆಡಿದ ಮಾತು ಅವಳಿಗೆ ಕೇಳಿಸುವುದಿಲ್ಲ. ಮಾತಾಡಬೇಕು ಅಂತ ಬಲಕ್ಕೆ ಬಂದರೆ ಅವಳು ಎಡಕ್ಕೆ ಹೋಗಿ ದೀಪದ ಕಂಬಕ್ಕೆ ತಾಗುತ್ತಾಳೆ. "ನೀವು ಒಂದೋ ಗಂಡ ಆಗಿ, ಇಲ್ಲ ಗೋಡೆ ಆಗಿ. ಎರಡೂ ಒಟ್ಟಿಗೆ ಆಗೋ ಹಾಗಿಲ್ಲ" ಅಂದಳು. ಅವನು ಗೋಡೆಯಾಗುವುದನ್ನೇ ಆರಿಸಿಕೊಂಡ. ಹೇಳಬೇಕಾದ ಮಾತೆಲ್ಲ ಮನೆಗೆ ಬರುವವರೆಗೆ ಹೊಟ್ಟೆಯಲ್ಲಿಟ್ಟುಕೊಂಡು, ಬಾಗಿಲು ದಾಟಿದ ಕೂಡಲೇ ಬಲಕ್ಕೆ ಬಂದು ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದ. ಆಸ್ಪತ್ರೆಯ ವ್ಯಾಯಾಮದವರು ಹೇಳಿದ್ದಾರೆ ಅಂತ ಅವಳು ದಿನಾ ಮಹಡಿಯ ಮೇಲೆ ಗೋಡೆ ಬಿಟ್ಟು ನಡೆದಳು, ಬಿದ್ದಳು, ಮಂಡಿ ತರಚಿಕೊಂಡಳು, ಮತ್ತೆ ನಡೆದಳು. ಹಟಮಾರಿ ಹೆಂಗಸು. ಕೆಲವು ತಿಂಗಳಲ್ಲಿ ಗೋಡೆ ಬೇಡವಾಯಿತು, ಗಂಡ ಎಂಬ ಗೋಡೆಯೂ ಅಷ್ಟಾಗಿ ಬೇಡವಾಯಿತು. ಆದರೂ ಅವನು ಎಡಗಡೆಯೇ ನಡೆಯುತ್ತಾನೆ, ರೂಢಿಯಾಗಿಬಿಟ್ಟಿದೆ.

ಆಗದಿದ್ದದ್ದು ಒಂದೇ, ಅಂಗಡಿಯ ಮುಂಗೋಣೆ. ಅಲ್ಲಿ ಆಳೆತ್ತರದ ಕನ್ನಡಿಯಿದೆ. ಗಿರಾಕಿಯ ಹಿಂದೆ ನಿಂತರೆ ಗಿರಾಕಿಯ ಮುಖದ ಪಕ್ಕದಲ್ಲೇ ತನ್ನ ಮುಖ. ಅರ್ಧ ನಗುವ, ಅರ್ಧ ಸುಮ್ಮನಿರುವ ಆ ಮುಖವನ್ನು ಪಿನ್ನಕ್ಕನಿಗೆ ನೋಡಲಾಗುತ್ತಿರಲಿಲ್ಲ. ಪರದೆಯ ಹಿಂದೆ ಕೂತು ಬರೀ ಕತ್ತರಿಸಿದಳು, ಮಷೀನು ತುಳಿದಳು. ಯಾರಾದರೂ "ಅಕ್ಕ ಎಲ್ಲಿ?" ಅಂದರೆ ಓರಗಿತ್ತಿ "ಮಲಗಿದ್ದಾರೆ" ಅನ್ನಬೇಕು. ಮೂಲೆಯ ಕೋಲು ತೊಳೆಸಿಕೊಂಡು ಮತ್ತೆ ಅಳತೆಯ ಕೆಲಸಕ್ಕೆ ಬಂತು. ಮನೆಯಲ್ಲಿ ಮಾತು ಕಡಿಮೆಯಾಯಿತು. ಫ್ಯಾನು ಯಾರ ಕಡೆ ತಿರುಗಿದರೂ ಪಿನ್ನಕ್ಕ ಸುಮ್ಮನಿದ್ದಳು. ಓರಗಿತ್ತಿಗೆ ಅದನ್ನು ತಡೆಯಲಾಗಲಿಲ್ಲ. "ಒಂದು ಸಲ ಬೈದುಬಿಡಿ ಅಕ್ಕಾ" ಅಂತ ಕೇಳಿಯೂ ಕೇಳಿದಳು. ಬೈಯಲಿಲ್ಲ.

ಒಂದು ದಿನ ಓರಗಿತ್ತಿ ಮುಂಗೋಣೆಯಲ್ಲಿ ಯಾರದೋ ಉದ್ದನೆ ಸ್ಕರ್ಟಿಗೆ ಕೋಲು ಹಿಡಿದು ಗುರುತು ಹಾಕುತ್ತಿದ್ದಳು. ಪಿನ್ನಕ್ಕ ಪರದೆಯ ಸಂದಿಯಿಂದ ನೋಡಿದಳು. ನೋಡಿ ತಡೆಯಲಾಗದೆ, "ಏ, ಏನೇ ಅದು! ಆ ಪಕ್ಕ ಹಾರಿ ಕೂತಿದೆಯಲ್ಲೇ, ಇಳಿಸೇ!" ಅಂತ ಕೂಗಿ, ಮುಖದ ನೆನಪೇ ಇಲ್ಲದೆ ಹೊರಗೆ ಬಂದು ಸ್ಟೂಲು ಎಳೆದುಕೊಂಡು ಕೂತುಬಿಟ್ಟಳು. "ಇಳಿಸು. ಇನ್ನೂ. ಈ ಪಕ್ಕ ಎತ್ತು. ಸಾಕು!" ಓರಗಿತ್ತಿ ಒಂದು ಗಳಿಗೆ ಕೋಲನ್ನೂ ಅಕ್ಕನನ್ನೂ ನೋಡಿದಳು. ಆಮೇಲೆ ಕೋಲು ಬದಿಗಿಟ್ಟು, ಹೇಳಿದಲ್ಲಿ ಪಿನ್ನು ಚುಚ್ಚಿದಳು. ಗಿರಾಕಿ ಹೋದ ಮೇಲೆ ಪಿನ್ನಕ್ಕ ಸ್ಟೂಲಿನ ಮೇಲೆಯೇ ಕೂತು ಗೊಳ್ಳೆಂದು ನಕ್ಕಳು. ಮುಖ ಒಂದೇ ಕಡೆ ನಕ್ಕಿತು, ಆದರೆ ನಗು ಪೂರ್ತಿಯದೇ. "ಕಿವಿ ಹೋಯ್ತು, ಮೂತಿ ಸೊಟ್ಟಗಾಯ್ತು, ಹೋಗ್ಲಿ ಬಿಡು. ಕಣ್ಣು ಮಾತ್ರ ನನ್ನ ಹತ್ರಾನೇ ಇದೆ ಕಣೇ!"

ಆಪರೇಷನ್ ಆದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಮಾರನೇ ದಿನದಿಂದ ಪಿನ್ನಕ್ಕ ಮುಂಗೋಣೆಗೆ ಬಂದಳು. "ಮುಖ ಹಿಂಗ್ಯಾಕೆ?" ಅಂದವರಿಗೆ "ಅರ್ಧ ಮುಖ ರಜೆ ಮೇಲೆ ಹೋಗಿದೆ" ಅಂದಳು. ಗಿರಾಕಿಗಳನ್ನು ತನ್ನ ಬಲಕ್ಕೆ ಕೂರಿಸಿಕೊಂಡು ಹರಟಿದಳು. ಫ್ಯಾನಿನ ಜಗಳ ಮತ್ತೆ ಶುರುವಾಯಿತು. ಗಂಡ ವ್ಯಾನಿನಲ್ಲಿ ಶಿಳ್ಳೆ ಹಾಕಿಕೊಂಡು ಹೋಗುವುದನ್ನು ಬೀದಿಯವರೆಲ್ಲ ಕಂಡರು.

ವರ್ಷ ಕಳೆದು ಆಸ್ಪತ್ರೆಗೆ ತೋರಿಸಲು ಹೋದಾಗ ಓರಗಿತ್ತಿ ಜೊತೆಗಿದ್ದಳು. ನರ್ಸಮ್ಮ ಕಂಪ್ಯೂಟರ್ ನೋಡಿಕೊಂಡು ಪ್ರಶ್ನೆ ಕೇಳುತ್ತಾ ಹೋದಳು. ತುಂಬಾ ಜನ ಸೇರಿದ ಕಡೆ ಮಾತು ಅರ್ಥವಾಗುತ್ತಾ? "ತುಂಬಾ ಜನ ಸೇರಿದ ಕಡೆ ಅರ್ಥ ಇರೋ ಮಾತು ಯಾರು ಆಡ್ತಾರೆ ತಾಯಿ?" ಆಯಾಸ? "ಮಧ್ಯಾಹ್ನ ಆದ್ರೆ ಯಾರೋ ಪ್ಲಗ್ ಕಿತ್ತ ಹಾಗೆ ಆಗುತ್ತೆ." ಜನರೆದುರು ಮುಖದ ಬಗ್ಗೆ ಸಂಕೋಚ? ಇದಕ್ಕೆ ಮಾತ್ರ ತಮಾಷೆ ಮಾಡದೆ, "ಇದೆ" ಅಂದಳು. ಕೊನೆಗೆ ನರ್ಸಮ್ಮ, "ಒಟ್ಟಾರೆ ಜೀವನ ಹೇಗಿದೆ ಅಂತೀರಿ? ಹತ್ತಕ್ಕೆ ಎಷ್ಟು ಕೊಡ್ತೀರಿ?" ಅಂದಳು.

"ಎಂಟು ಹಾಕು. ಆ ಎಂಟೂ ನನ್ನ ಕಣ್ಣಿನ ದಯೆ. ಕೆಲಸ ಕೈಬಿಟ್ಟಿಲ್ವಲ್ಲ, ಅದಕ್ಕೆ ಬದುಕಿದೀನಿ. ಅದೊಂದು ಹೋಗಿದ್ರೆ ಸೊನ್ನೆ ಹಾಕು ಅಂತಿದ್ದೆ."

ಓರಗಿತ್ತಿ ತನ್ನ ಚೀಲದ ಹಿಡಿಯನ್ನೇ ನೋಡುತ್ತಾ ಕೂತಿದ್ದಳು. ಪಿನ್ನಕ್ಕ ಹಸಿವಿರಬೇಕು ಅಂದುಕೊಂಡಳು.

ಆಮೇಲೆ ಓರಗಿತ್ತಿಯ ತಾಯಿ ಬಚ್ಚಲಲ್ಲಿ ಜಾರಿ ಬಿದ್ದರು ಅಂತ ಸುದ್ದಿ ಬಂದು, ಅವಳು ತವರಿಗೆ ಹೋದಳು. ಅಂಗಡಿಯಲ್ಲಿ ಪಿನ್ನಕ್ಕ ಒಬ್ಬಳೇ. ಆಗ ಹೋಟೆಲಿನ ರಿಸೆಪ್ಷನ್ ಹುಡುಗಿ ಬಂದಳು. ಪಿನ್ನಕ್ಕ ಮುಂಗೋಣೆಗೆ ಮರಳಿದ ಮೇಲೆ ಇಲ್ಲೇ ಹೊಲಿಸಿದ್ದ ಸ್ಯಾಟಿನ್ ಗೌನು, ಈಗ ಹುಡುಗಿ ತೆಳ್ಳಗಾಗಿದ್ದಳು, ಸೊಂಟ ಒಳಗೆ ಹಿಡಿಯಬೇಕಿತ್ತು. ಪಿನ್ನಕ್ಕ ಗೌನನ್ನು ಒಳಮೈ ಹೊರಗೆ ಮಾಡಿ ಮೇಜಿನ ಮೇಲೆ ಹರಡಿದಳು. ಸೊಂಟ ಬಿಚ್ಚುವ ಮೊದಲು ಸುಮ್ಮನೆ ಅಂಚಿನ ಮೇಲೆ ಕೈಯಾಡಿಸಿದಳು. ಕೈ ನಿಂತಿತು.

ಸ್ಯಾಟಿನ್ ಬಟ್ಟೆ ಚಾಡಿಕೋರ ಬಟ್ಟೆ. ಒಂದು ಸಲ ಸೂಜಿ ಇಳಿದ ಜಾಗವನ್ನು ಅದು ಮರೆಯುವುದಿಲ್ಲ, ಹೊಲಿಗೆ ಬಿಚ್ಚಿದರೂ ತೂತು ಉಳಿಯುತ್ತದೆ. ಮಡಿಕೆಯ ಮೇಲೆ ಓರಗಿತ್ತಿಯ ಇರುವೆಸಾಲಿನ ಹೊಲಿಗೆ ನೆಟ್ಟಗೆ ಹೋಗಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಸಾಲು, ಬರೀ ತೂತುಗಳದ್ದು. ಅದು ಒಂದು ಪಕ್ಕದಲ್ಲಿ ಹೊಸ ಹೊಲಿಗೆಗೆ ಅಂಟಿಕೊಂಡು ಹೊರಟು, ಇನ್ನೊಂದು ಪಕ್ಕಕ್ಕೆ ಬರುವಷ್ಟರಲ್ಲಿ ಒಂದು ಬೆರಳಗಲ ದೂರ ಸರಿದಿತ್ತು. ಯಾರೋ ಮೊದಲು ಓರೆಯಾಗಿ ಮಡಿಸಿದ್ದನ್ನು ಬಿಚ್ಚಿ ಮತ್ತೆ ನೆಟ್ಟಗೆ ಹೊಲಿದಿದ್ದರು. ಗೌನಿನ ಅಂಚು ನೋಡಿ ಗುರುತು ಹೇಳಿದ್ದು ಯಾರು ಅಂತ ಪಿನ್ನಕ್ಕನಿಗೆ ಚೆನ್ನಾಗಿ ನೆನಪಿತ್ತು. ತಾನೇ.

ಆದರೂ ಒಪ್ಪುವ ಜಾಯಮಾನವಲ್ಲ ಅವಳದು. ತಲೆಯಿಲ್ಲದ ಬೊಂಬೆಗೆ ಒಂದು ಸ್ಕರ್ಟು ಉಡಿಸಿ, ಸ್ಟೂಲಿನ ಮೇಲೆ ಕೂತು ನೋಡಿ, ಎದ್ದು ಹೋಗಿ ತಾನೇ ಪಿನ್ನು ಚುಚ್ಚಿ, ಮತ್ತೆ ಕೂತು ನೋಡಿದಳು. ನೂಲು ಹಿಡಿದಷ್ಟು ನೆಟ್ಟಗಿತ್ತು. ಕೋಲು ತಂದು ನೆಲದಿಂದ ಅಳೆದಳು. ಅವಳ ಎಡಕ್ಕೆ ಬೆರಳಗಲ ಇಳಿದಿತ್ತು. "ಹಾಳು ನೆಲಾನೇ ಸರಿಯಿಲ್ಲ" ಅಂದಳು. ನೂಲಿನ ಉಂಡೆ ನೆಲಕ್ಕೆ ಬಿಟ್ಟಳು, ಅದು ಉರುಳದೆ ಬಿಟ್ಟಲ್ಲೇ ನಿಂತಿತು. ತಟ್ಟೆಯಲ್ಲಿ ನೀರು ಹಾಕಿ ಇಟ್ಟಳು, ನೀರು ಯಾವ ಕಡೆಗೂ ವಾಲಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆಯನ್ನು ಅವಳು ಎಷ್ಟು ಜನರಿಗೆ ಹೇಳಿ ನಕ್ಕಿದ್ದಳೋ. ನೆಲ ಡೊಂಕಾಗಿರಲಿಲ್ಲ. ಆ ಗಡ್ಡೆಯ ಜೊತೆ ಹೋದ ನರ ಲೋಕವನ್ನೇ ಒಂದು ಬೆರಳಷ್ಟು ಎಡಕ್ಕೆ ವಾಲಿಸಿಬಿಟ್ಟಿತ್ತು, ಅದು ಅವಳಿಗೇ ಗೊತ್ತಿರಲಿಲ್ಲ. ಪಿನ್ನಕ್ಕ ತಟ್ಟೆಯ ಮುಂದೆ ನೆಲದ ಮೇಲೆ ಕೂತುಬಿಟ್ಟಳು. ಮಧ್ಯಾಹ್ನ ಊಟಕ್ಕೆ ಬಂದ ಗಂಡ, "ಏನೇ, ಬೆಕ್ಕಿಗೆ ನೀರಿಟ್ಟಿದೀಯಾ?" ಅಂದ. ಅವಳ ಮುಖ ನೋಡಿ ಪಕ್ಕದಲ್ಲಿ ಬಂದು ಕೂತ. ಎಡಕ್ಕಲ್ಲ, ಬಲಕ್ಕೆ.

ಓರಗಿತ್ತಿ ವಾಪಸು ಬಂದು ಚೀಲ ಇಳಿಸುವ ಮೊದಲೇ ಕಂಡದ್ದು, ಒಳಮೈ ಹೊರಗಾಗಿ ಬೊಂಬೆಯ ಮೇಲೆ ನಿಂತ ಸ್ಯಾಟಿನ್ ಗೌನು.

"ಎಷ್ಟು ದಿನದಿಂದ?" ಅಂದಳು ಪಿನ್ನಕ್ಕ.

"ಮೊದಲನೇ ದಿನದಿಂದ ಅಕ್ಕಾ."

"ಎಲ್ಲದನ್ನೂ?"

"ಎಲ್ಲದನ್ನೂ. ನಿಮ್ಮೆದುರು ನೀವು ಹೇಳಿದ ಹಾಗೇ ಹೊಲಿದು, ನೀವು ಮಧ್ಯಾಹ್ನ ಮಲಗಿದಾಗ ಬಿಚ್ಚಿ ನೆಟ್ಟಗೆ ಮಾಡಿ ಮಡಿಸಿಡ್ತಿದ್ದೆ." ಓರಗಿತ್ತಿ ಚೀಲ ಕೆಳಗಿಟ್ಟಳು. "ಅವತ್ತು ನೀವು ನಕ್ಕಿರಿ. ಅಷ್ಟು ದಿನ ಮಾತಿಲ್ಲ ಕಥೆಯಿಲ್ಲ ಕೂತಿದ್ದವರು ನಕ್ಕಿರಿ. ಕಣ್ಣು ಇದೆ ಅಂದಿರಿ. ಅದನ್ನೂ ಕಿತ್ಕೊಳ್ಳೋಕೆ ನನಗೆ ಆಗಲಿಲ್ಲ ಅಕ್ಕಾ. ಒಳ್ಳೇದಕ್ಕೇ ಮಾಡ್ದೆ."

"ಒಳ್ಳೇದು!" ಪಿನ್ನಕ್ಕನ ಕೋಪ ನೆತ್ತಿಗೇರಿತು. "ನಾನು ನಡೆಯೋದು ಹೇಗೆ ಕಲಿತೆ? ಬಿದ್ದೂ ಬಿದ್ದೂ ಕಲಿತೆ. ಬಿದ್ದಿದ್ದು ಗೊತ್ತಾಯ್ತು, ಅದಕ್ಕೆ ಎದ್ದೆ. ಇಲ್ಲಿ ನಾನು ಬಿದ್ದಿದ್ದೇ ನನಗೆ ಗೊತ್ತಾಗದ ಹಾಗೆ ಮಾಡಿದೆಯಲ್ಲೇ! ಒಂದು ವರ್ಷ ಈ ಕಣ್ಣು ತಾನೇ ಸರಿ ಅಂದ್ಕೊಂಡು ಮೆರೀತಾ ಕೂತಿತ್ತು. ಅವತ್ತೇ ಹೇಳಿದ್ರೆ ಇಷ್ಟೊತ್ತಿಗೆ ಅರ್ಧನಾದರೂ ಕಲೀತಿತ್ತು. ನನ್ನ ತಪ್ಪು ನಂದು ಕಣೇ. ಅದನ್ನ ನನಗೆ ಕೊಡಬೇಕಿತ್ತು."

ಓರಗಿತ್ತಿ ಗೋಡೆಗೊರಗಿ ಅಳತೊಡಗಿದಳು. ಪಿನ್ನಕ್ಕ ಸಮಾಧಾನ ಮಾಡಲಿಲ್ಲ. ಎರಡು ದಿನ ಅಂಗಡಿಯಲ್ಲಿ ಮಷೀನಿನದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆದರೂ ಅನ್ನ ಬಡಿಸುವಾಗ ಪಿನ್ನಕ್ಕ ಅವಳ ತಟ್ಟೆಗೇ ಮೊದಲು ಬಡಿಸಿದಳು, ಮುಖ ಬೇರೆ ಕಡೆ ತಿರುಗಿಸಿಕೊಂಡು.

ಮೂರನೇ ದಿನ ರಿಸೆಪ್ಷನ್ ಹುಡುಗಿ ಗೌನು ಒಯ್ಯಲು ಬಂದವಳು, ಇನ್ನೊಂದು ಹೊಸ ಸ್ಕರ್ಟಿನ ಟ್ರಯಲ್‌ಗೂ ನಿಂತಳು. ಓರಗಿತ್ತಿ ತಾನಾಗಿ ಕೋಲು ಎತ್ತಿಕೊಂಡಳು. ಪರದೆಯ ಹಿಂದಿನಿಂದ ಪಿನ್ನಕ್ಕ ಎದ್ದು ಬರುತ್ತಾಳೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಪಿನ್ನಕ್ಕನಿಗೂ ಗೊತ್ತಿರಲಿಲ್ಲ, ಅಲ್ಲೇ ಕತ್ತರಿ ಹಿಡಿದು ಎಷ್ಟೋ ಹೊತ್ತು ನಿಂತಿದ್ದಳು. ಕೊನೆಗೆ ಬಂದಳು. ಗೋಡೆಗೆ ಬೆನ್ನು ಕೊಟ್ಟು ಸ್ಟೂಲಿನ ಮೇಲೆ ಕೂತಳು.

"ಕೋಲು ಆಮೇಲೆ. ಮೊದಲು ನಾನು ಹೇಳ್ತೀನಿ, ಚುಚ್ಚು." ಹೇಳಿದಳು. ಓರಗಿತ್ತಿ ಚುಚ್ಚಿದಳು. "ಈಗ ಅಳತೆ ಮಾಡು. ಇದ್ದದ್ದು ಇದ್ದ ಹಾಗೆ ಹೇಳು."

ಓರಗಿತ್ತಿ ನೆಲಕ್ಕೆ ಕೋಲೂರಿ ಒಂದು ಪಕ್ಕ ನೋಡಿದಳು, ಇನ್ನೊಂದು ಪಕ್ಕ ನೋಡಿದಳು. ತಲೆ ಎತ್ತಿದಾಗ ಕನ್ನಡಿಯಲ್ಲಿ ಅಕ್ಕನ ಮುಖ ಕಂಡಿತು. ಒಂದು ಕೆನ್ನೆ ಬಿಗಿದುಕೊಂಡು ಕಾಯುತ್ತಿತ್ತು, ಇನ್ನೊಂದು ಕೆನ್ನೆ ಯಾವತ್ತಿನ ಹಾಗೆ ಸುಮ್ಮನಿತ್ತು. 'ಸರಿಯಾಗಿದೆ ಅಕ್ಕಾ' ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿಬಿಡುವುದು ಎಷ್ಟು ಸುಲಭವಿತ್ತು!

"ಎಡಕ್ಕೆ ಇಳಿದಿದೆ" ಅಂದಳು, ತುಟಿಯೊಳಗೇ.

"ಜೋರಾಗಿ ಹೇಳೇ. ಇರೋದು ಒಂದೇ ಕಿವಿ."

"ಎಡಕ್ಕೆ ಇಳಿದಿದೆ ಅಕ್ಕಾ! ಒಂದು ಬೆರಳು!" ಓರಗಿತ್ತಿ ಬೀದಿಗೆ ಕೇಳುವಷ್ಟು ಜೋರಾಗಿ ಕೂಗಿದಳು. ಕಣ್ಣೀರು ಗಲ್ಲಕ್ಕೆ ಇಳಿದಿತ್ತು. ರಿಸೆಪ್ಷನ್ ಹುಡುಗಿ ಗಾಬರಿಯಾಗಿ ಇಬ್ಬರನ್ನೂ ನೋಡಿದಳು.

"ಎತ್ತು ಹಾಗಾದ್ರೆ. ಕೋಲು ಹೇಳೋ ತನಕ ಎತ್ತು."

ಓರಗಿತ್ತಿ ಪಿನ್ನು ಕಿತ್ತು, ಎತ್ತಿ, ಕೋಲಿಗೆ ಸಮ ಹಿಡಿದಳು. ಪಿನ್ನಕ್ಕ ಕಣ್ಣು ಅರೆ ಮುಚ್ಚಿ, ಆಮೇಲೆ ಪೂರ್ತಿ ತೆರೆದು, ಆ ಅಂಚನ್ನು ಬಹಳ ಹೊತ್ತು ನೋಡಿದಳು. ಒಂದು ಪಕ್ಕ ಹಾರಿಕೊಂಡು, ಅಡ್ಡಾದಿಡ್ಡಿಯಾಗಿ, ನೋಡಲಾಗದಷ್ಟು ಓರೆಯಾಗಿ ಕಾಣುತ್ತಿತ್ತು. ಇಷ್ಟು ವರ್ಷದಲ್ಲಿ ಇಂಥ ಅಂಚನ್ನು ಅವಳು ಅಂಗಡಿಯ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ.

"ಇದು ಸರೀನಾ?"

"ಸರಿ ಅಕ್ಕಾ."

"ನನಗೆ ಸೊಟ್ಟಗೆ ಕಾಣ್ತಿದೆ."

"ಗೊತ್ತು ಅಕ್ಕಾ. ಆದ್ರೂ ಇದೇ ಸರಿ."

ಪಿನ್ನಕ್ಕ ಮಣಿಕಟ್ಟಿನ ದಿಂಬಿನಿಂದ ಒಂದು ಪಿನ್ನು ತೆಗೆದು ಅವಳ ಕೈಗೆ ಕೊಟ್ಟಳು.

"ನೀನು ಹೇಳ್ತಿದೀಯಲ್ಲ, ಚುಚ್ಚು ಅಲ್ಲಿಗೇ."